‘ಶೇ 99’ ಯಾವ ದಿನದ ಲೆಕ್ಕ? ಗರ್ಭ ಪರೀಕ್ಷೆಯ ಕಿಟ್‌ಗಳ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಭಾರತದ ಔಷಧ ಮಹಾನಿಯಂತ್ರಕರು,
ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ನವದೆಹಲಿ
ಹಾಗೂ
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ

ವಿಷಯ: ಮುಟ್ಟು ತಪ್ಪುವ ಮೊದಲೇ ಗರ್ಭವನ್ನು ಪತ್ತೆ ಮಾಡುತ್ತೇವೆನ್ನುವ ಕಿಟ್‌ಗಳ ಮೇಲಿನ ನಿಖರತೆಯ ಹೇಳಿಕೆಗಳು.

ಮಾನ್ಯರೇ,

ತಾಲ್ಲೂಕು ಕೇಂದ್ರವೊಂದರ ಆಸ್ಪತ್ರೆಯ ಪ್ರಯೋಗಾಲಯದಲ್ಲಿ 26 ವರ್ಷ ತಂತ್ರಜ್ಞೆಯಾಗಿದ್ದು ಈಗ ನಿವೃತ್ತಳಾಗಿರುವ ನಾನು, ಮನೆಯಲ್ಲೇ ಮಾಡಿಕೊಳ್ಳುವ ಗರ್ಭ ಪರೀಕ್ಷೆಯ ಪೊಟ್ಟಣಗಳ ಮೇಲೆ ಅಚ್ಚಾಗುತ್ತಿರುವ ಒಂದು ಸಂಖ್ಯೆಯ ಬಗ್ಗೆ ತಮ್ಮಿಬ್ಬರಲ್ಲೂ ಅರಿಕೆ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಸಂಖ್ಯೆ 99. ಈ ಕಿಟ್‌ಗಳನ್ನು ನಿಷೇಧಿಸಬೇಕೆಂದಾಗಲಿ, ಅವೆಲ್ಲ ಕಳಪೆಯೆಂದಾಗಲಿ ನಾನು ಹೇಳುತ್ತಿಲ್ಲ. ನಮ್ಮ ಕಡೆ ‘ಕಾರ್ಡ್ ಟೆಸ್ಟ್’ ಎಂದು ಕರೆಯುವ ಈ ಪರೀಕ್ಷೆಯನ್ನು ನಾನೇ ಸಾವಿರಾರು ಸಲ ಮಾಡಿದ್ದೇನೆ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ ತನ್ನ ಮೈಯ ಸುದ್ದಿಯನ್ನು ತಾನೇ ಮೊದಲು ತಿಳಿಯುವ ಅವಕಾಶವನ್ನು ಅದು ಹೆಣ್ಣುಮಕ್ಕಳಿಗೆ ಕೊಟ್ಟಿದೆ ಎಂಬುದನ್ನೂ ಬಲ್ಲೆ. ನನ್ನ ತಕರಾರು ಇಷ್ಟೇ: ಕೊಳ್ಳುವವಳು ಕೇಳುವ ಪ್ರಶ್ನೆ ಒಂದು, ಪೊಟ್ಟಣ ಉತ್ತರಿಸುವ ಪ್ರಶ್ನೆ ಇನ್ನೊಂದು.

ನಮ್ಮ ಮನೆಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ನನ್ನ ಅಣ್ಣನ ಮಗಳಿಗೆ ಆ ತಿಂಗಳ 19ಕ್ಕೆ ಮುಟ್ಟು ಬರಬೇಕಿತ್ತು. 23ಕ್ಕೆ ಅವರ ಹೊಸ ಮನೆಯ ಗೃಹಪ್ರವೇಶ. ನಮ್ಮ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಏನಾಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಮುಟ್ಟು ಮುಂದೂಡುವ ಮಾತ್ರೆ ತರಿಸುತ್ತಾರೆ. ನೊರೆಥಿಸ್ಟೆರೋನ್ ಎಂಬ ಆ ಮಾತ್ರೆಯನ್ನು ಸಾಮಾನ್ಯವಾಗಿ ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರು ಮಾಡಬೇಕು, ಮತ್ತು ಗರ್ಭಿಣಿಯರು ಅದನ್ನು ತೆಗೆದುಕೊಳ್ಳುವಂತಿಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದ ಹುಡುಗಿ, ಬುದ್ಧಿವಂತೆ, ಮಾತ್ರೆ ನುಂಗುವ ಮುನ್ನ ಖಚಿತಪಡಿಸಿಕೊಳ್ಳೋಣವೆಂದು ‘ಮುಟ್ಟು ತಪ್ಪುವ ಆರು ದಿನ ಮೊದಲೇ ತಿಳಿಯಿರಿ, ಶೇ 99ಕ್ಕಿಂತ ಹೆಚ್ಚು ನಿಖರ’ ಎಂಬ ಹೇಳಿಕೆಯಿದ್ದ ಕಿಟ್ಟನ್ನು ಆನ್‌ಲೈನಿನಲ್ಲಿ ತರಿಸಿ, 15ರ ಬೆಳಿಗ್ಗೆ ಪರೀಕ್ಷೆ ಮಾಡಿ, ಕಿಟಕಿಯ ಕಟ್ಟೆಯ ಮೇಲೆ ಬೆಳಕಿಗೆ ಇಟ್ಟು, ಅದರ ಫೋಟೋವನ್ನು ನನಗೆ ಕಳಿಸಿದಳು. ಕಿಟ್ ಕೆಲಸ ಮಾಡಿದೆ ಎಂದಷ್ಟೇ ತೋರಿಸುವ ‘ಸಿ’ ಎದುರಿಗೆ ಕಡುಗೆಂಪು ಗೆರೆ. ಗರ್ಭವಿದ್ದರೆ ಗೆರೆ ಮೂಡಬೇಕಾದ ‘ಟಿ’ ಎದುರಿಗೆ, ಫೋಟೋವನ್ನು ಎಷ್ಟು ಹಿಗ್ಗಿಸಿ ನೋಡಿದರೂ, ಒದ್ದೆಯಾದ ಕಾಗದದ ಬಿಳುಪಷ್ಟೇ. “ಅತ್ತೇ, ಇಲ್ಲ ಅಂತ ಅಲ್ವಾ?” ಎಂದು ಕೇಳಿದಳು. ನಾನೂ ಹೂಂ ಅಂದೆ. ಇಪ್ಪತ್ತಾರು ವರ್ಷದ ಅನುಭವವಿದ್ದವಳು ಕೇಳಬೇಕಿದ್ದ ಒಂದೇ ಪ್ರಶ್ನೆಯನ್ನು, ಅಂದರೆ ಇವತ್ತು ಎಷ್ಟನೇ ದಿನ ಎಂಬುದನ್ನು, ಕೇಳಲಿಲ್ಲ.

16ರಿಂದ ಒಂಬತ್ತು ದಿನ ಮಾತ್ರೆ ನುಂಗಿದಳು. ಮುಟ್ಟು ಬರಲಿಲ್ಲ, ಬಾರದಿರಲೆಂದೇ ನುಂಗಿದ ಮಾತ್ರೆಯಾದ್ದರಿಂದ ಯಾರಿಗೂ ಅನುಮಾನವೂ ಬರಲಿಲ್ಲ. ಮಾತ್ರೆ ನಿಲ್ಲಿಸಿ ಒಂದು ವಾರ ಕಳೆದರೂ ಮುಟ್ಟು ಕಾಣದಿದ್ದಾಗ ಅದೇ ಪೊಟ್ಟಣದ ಎರಡನೇ ಕಿಟ್ ತೆಗೆದಳು. ಹನಿ ಹಾಕಿದ ಅರೆ ನಿಮಿಷದೊಳಗೆ ಎರಡೂ ಗೆರೆ ಎದ್ದವು. ವೈದ್ಯರು ಗಾಬರಿಪಡಬೇಡಿ ಎಂದರು, ಮಗು ಆರೋಗ್ಯವಾಗಿಯೇ ಹುಟ್ಟಿತು. ಆದರೆ ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಯುವ ತನಕ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಊಟ ಮಾಡಲಿಲ್ಲ. ಕಿಟ್ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ಎರಡೂ ಸಲ ಸರಿಯಾಗಿಯೇ ಮಾಡಿತ್ತು. ಹೀಗಾಗಿಯೇ ನಾನು ಕಂಪನಿಯ ಮೇಲೆ ದೂರು ಕೊಡದೆ ತಮಗೆ ಪತ್ರ ಬರೆಯುತ್ತಿರುವುದು.

ಆ ಕಿಟ್ ಹುಡುಕುವುದು ಗರ್ಭವನ್ನಲ್ಲ, ಎಚ್‌ಸಿಜಿ ಎಂಬ ಹಾರ್ಮೋನನ್ನು. ಅಂಡ ಮತ್ತು ವೀರ್ಯಾಣು ಕೂಡಿದೊಡನೆ ಆ ಹಾರ್ಮೋನು ಮೂತ್ರಕ್ಕೆ ಬರುವುದಿಲ್ಲ. ಭ್ರೂಣ ಇಳಿದು ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆಯೇ ಬರತೊಡಗುತ್ತದೆ, ಆಮೇಲೆ ಸುಮಾರು ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಅಂಟಿಕೊಳ್ಳುವುದು ಯಾವಾಗ? ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಗರ್ಭ ಧರಿಸಬಯಸಿದ್ದ ಮಹಿಳೆಯರ ದಿನದಿನದ ಮೂತ್ರವನ್ನು ಸಂಗ್ರಹಿಸಿ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಆರು ವಾರ ದಾಟಿ ನಿಂತ 141 ಗರ್ಭಗಳಲ್ಲಿ, ಅಂಡ ಬಿಡುಗಡೆಯಾದ ಆರನೇ ದಿನದಿಂದ ಹನ್ನೆರಡನೇ ದಿನದವರೆಗೆ ಯಾವ ದಿನ ಬೇಕಾದರೂ ಅಂಟಿಕೊಂಡದ್ದು ಕಂಡುಬಂತು; ಶೇ 84ರಷ್ಟು ಗರ್ಭಗಳಲ್ಲಿ ಅದು ಎಂಟು, ಒಂಬತ್ತು ಅಥವಾ ಹತ್ತನೇ ದಿನ. ನಮ್ಮ ಹುಡುಗಿಯ ಲೆಕ್ಕವನ್ನು ಇದರ ಪಕ್ಕ ಇಡಿ. 19ಕ್ಕೆ ಮುಟ್ಟು ಎಂದರೆ ಹದಿನಾಲ್ಕು ದಿನ ಹಿಂದಕ್ಕೆ, ಅಂದರೆ ಸರಿಸುಮಾರು 5ರಂದು ಅಂಡ ಬಿಡುಗಡೆ. 15 ಎಂದರೆ ಹತ್ತನೇ ದಿನ. ಅವಳು ಹನಿ ಹಾಕಿದ ಬೆಳಿಗ್ಗೆ ಭ್ರೂಣ ಆಗಷ್ಟೇ ಅಂಟಿಕೊಂಡಿರಬಹುದು, ಇನ್ನೂ ಅಂಟದೆಯೂ ಇದ್ದಿರಬಹುದು. ಆ ಬೆಳಿಗ್ಗೆ ಜಗತ್ತಿನ ಅತ್ಯುತ್ತಮ ಪ್ರಯೋಗಾಲಯಕ್ಕೆ ಹೋಗಿದ್ದರೂ ‘ಇಲ್ಲ’ ಎಂಬ ಉತ್ತರವೇ ಸಿಗುವ ಸಾಧ್ಯತೆಯಿತ್ತು.

ಹಾಗಾದರೆ ಶೇ 99 ಎಲ್ಲಿಂದ ಬಂತು? ಎಚ್‌ಸಿಜಿ ಇರುವ ಮತ್ತು ಇಲ್ಲದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ತರಬೇತಾದವರು ಪರೀಕ್ಷಿಸಿದಾಗ ಕಿಟ್ ಎಷ್ಟು ಸಲ ಸರಿ ಹೇಳಿತು ಎಂಬ ಲೆಕ್ಕ ಅದು. ಇಲ್ಲವೇ ಮುಟ್ಟು ಬರಬೇಕಾದ ದಿನದಿಂದ ಮುಂದಕ್ಕೆ ಅನ್ವಯಿಸುವ ಲೆಕ್ಕ. ಎರಡೂ ಸುಳ್ಳಲ್ಲ. ಆದರೆ ‘ಆರು ದಿನ ಮೊದಲೇ’ ಎಂಬ ಮಾತನ್ನೂ ‘ಶೇ 99’ ಎಂಬ ಮಾತನ್ನೂ ಒಂದೇ ಮುಖದ ಮೇಲೆ, ಒಂದರ ಕೆಳಗೊಂದು ಅಚ್ಚು ಹಾಕಿದಾಗ ಓದುವವಳು ಎರಡನ್ನೂ ಕೂಡಿಸಿ ಓದುತ್ತಾಳೆ, ಆರು ದಿನ ಮೊದಲೇ ಶೇ 99 ಎಂದು. ಅವಳು ಹಾಗೆ ಓದಲೆಂದೇ ಅವುಗಳನ್ನು ಅಲ್ಲಿ ಜೋಡಿಸಿದ್ದಾರೆ ಎಂದು ಹೇಳಿದರೆ ನನ್ನ ಮೇಲೆ ಯಾರೂ ಸಿಟ್ಟಾಗಬಾರದು. ವಿನ್ಯಾಸ ಮಾಡುವವರು ಯಾವುದನ್ನೂ ಸುಮ್ಮನೆ ಎಲ್ಲೋ ಇಡುವುದಿಲ್ಲ.

ಆ ಎರಡು ಮಾತುಗಳ ನಡುವಿನ ಅಂತರ ಎಷ್ಟೆಂಬುದನ್ನು ಕಂಪನಿಗಳೇ ಬೇರೆಡೆ ಒಪ್ಪಿಕೊಂಡಿವೆ. ಅಮೆರಿಕದಲ್ಲಿ ಮಾರಾಟವಾಗುವ, ಅತಿ ಸೂಕ್ಷ್ಮವೆಂದು ಹೆಸರಾದ ಫಸ್ಟ್ ರೆಸ್ಪಾನ್ಸ್ ಕಿಟ್, ಮುಟ್ಟಿನ ದಿನಕ್ಕೆ ಐದು ದಿನ ಮುಂಚೆ ಪರೀಕ್ಷಿಸಿದರೆ ಗರ್ಭಿಣಿಯರಲ್ಲಿ ಶೇ 76 ಮಂದಿಯಲ್ಲಿ ಮಾತ್ರ ಹಾರ್ಮೋನು ಪತ್ತೆಯಾಗುತ್ತದೆಂದು ಬರೆದುಕೊಂಡಿದೆ. ಅಂದರೆ ನೂರು ಗರ್ಭಿಣಿಯರಲ್ಲಿ ಇಪ್ಪತ್ತನಾಲ್ಕು ಜನರಿಗೆ ಅದು ಅಂದು ‘ಇಲ್ಲ’ ಎನ್ನುತ್ತದೆ. ಅತ್ಯುತ್ತಮ ಕಿಟ್ಟಿನ ಪಾಡೇ ಇದು. (ದಿನ ಎಣಿಸುವುದರಲ್ಲೂ ಒಂದು ಚಮತ್ಕಾರವಿದೆ. ‘ಮುಟ್ಟು ಬರಬೇಕಾದ ದಿನ’ ಮತ್ತು ‘ಮುಟ್ಟು ತಪ್ಪಿದ ದಿನ’ ಬೇರೆ ಬೇರೆ. ಬರಬೇಕಾದ ದಿನ ಕಳೆದು ಮರುದಿನ ಬೆಳಗಾದ ಮೇಲೆಯೇ ತಪ್ಪಿತೆನ್ನುವುದು. ಹೀಗೆ ಎಣಿಸಿದರೆ ಐದು ದಿನ ಮೊದಲು ಎಂಬುದು ಆರು ದಿನ ಮೊದಲು ಎಂದಾಗುತ್ತದೆ. ಕಿಟ್ ಬದಲಾಗಲಿಲ್ಲ, ಡಬ್ಬಿಯ ಮೇಲೆ ಒಂದು ದಿನ ಲಾಭವಾಯಿತು.)

ಮುಟ್ಟು ತಪ್ಪಿದ ಮೊದಲ ದಿನದ ಹೇಳಿಕೆಯನ್ನೂ ಹಾಗೇ ನಂಬುವಂತಿಲ್ಲ. ಅದೇ ವಿಲ್ಕಾಕ್ಸ್ ಬಳಗ 2001ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮುಟ್ಟು ತಪ್ಪಿದ ಮೊದಲ ದಿನಕ್ಕೆ ಶೇ 10ರಷ್ಟು ಗರ್ಭಗಳು ಇನ್ನೂ ಅಂಟಿಕೊಂಡೇ ಇರುವುದಿಲ್ಲ. ಅಂಡ ಬಿಡುಗಡೆಯಾಗುವ ದಿನ ತಿಂಗಳಿಂದ ತಿಂಗಳಿಗೆ ಹಿಂದೆಮುಂದೆ ಆಗುತ್ತದೆ. ಪಂಚಾಂಗದಂತೆ ನಡೆಯುವ ದೇಹ ಕಡಿಮೆ. ಹೀಗಾಗಿ ಎಷ್ಟೇ ಸೂಕ್ಷ್ಮವಾದ ಕಿಟ್ ತಯಾರಿಸಿದರೂ ಆ ದಿನ ಅದು ಮುಟ್ಟಬಹುದಾದ ಮಿತಿ ಸುಮಾರು ಶೇ 90, ಒಂದು ವಾರ ತಡೆದರೆ ಶೇ 97. ನಿಸರ್ಗವೇ ಹಾಕಿದ ಮಿತಿಯನ್ನು ಮೀರಿದ ಸಂಖ್ಯೆಯೊಂದು ಡಬ್ಬಿಯ ಮೇಲೆ ಕಂಡಾಗ ಅದು ಯಾರ ಮೇಲೆ, ಯಾವ ದಿನ, ಹೇಗೆ ಲೆಕ್ಕ ಹಾಕಿದ್ದು ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಉತ್ತರ ಕೇಳಿ ಪಡೆಯುವ ಅಧಿಕಾರ ತಮಗಿದೆ.

ಇನ್ನು ಕಿಟ್‌ಗಳ ನಡುವಿನ ವ್ಯತ್ಯಾಸ. ಲಾರೆನ್ಸ್ ಕೋಲ್ ಮತ್ತು ಸಂಗಡಿಗರು 2004ರಲ್ಲಿ ಅಮೆರಿಕದ ಮಾರುಕಟ್ಟೆಯ 18 ಕಿಟ್‌ಗಳನ್ನು ಪರೀಕ್ಷಿಸಿದರು. ಮುಟ್ಟು ತಪ್ಪಿದ ಹೊತ್ತಿಗೆ ಶೇ 95ರಷ್ಟು ಗರ್ಭಗಳನ್ನು ಹಿಡಿಯಬೇಕಾದರೆ ಮಿಲಿ ಲೀಟರಿಗೆ 12.5 ಮಿಲಿ ಯೂನಿಟ್‌ನಷ್ಟು ಕಡಿಮೆ ಹಾರ್ಮೋನನ್ನೂ ಕಿಟ್ ಗುರುತಿಸಬೇಕೆಂದು ಅವರು ಲೆಕ್ಕ ಹಾಕಿದರು. ಆ ಮಟ್ಟ ಮುಟ್ಟಿದ್ದು ಒಂದೇ ಒಂದು. ನಮ್ಮ ಮೆಡಿಕಲ್ ಶಾಪಿನ ಕಿಟ್‌ಗಳಲ್ಲಿ ನಾನು ಸಾಮಾನ್ಯವಾಗಿ ಕಂಡಿರುವುದು 25. ಅದೂ ಒಳಗಿನ ಚೀಟಿಯ ಯಾವುದೋ ಮೂಲೆಯಲ್ಲಿ. ಡಬ್ಬಿಯ ಮೇಲೆ ಎಲ್ಲದರದ್ದೂ ಒಂದೇ ಹಾಡು. ಸೂಕ್ಷ್ಮತೆಯಲ್ಲಿ ಒಂದಕ್ಕೊಂದು ಹೋಲದ ಸರಕುಗಳು ‘ಶೇ 99’ ಎಂಬ ಒಂದೇ ಅಂಕ ಪಡೆಯುವುದಾದರೆ, ಆ ಅಂಕ ಅಳೆಯುತ್ತಿರುವುದಾದರೂ ಏನನ್ನು?

ಈ ವಿಷಯದಲ್ಲಿ ನಾವು ಹಿಂದಕ್ಕೆ ಹೋಗಿದ್ದೇವೆ ಎಂದು ನನಗೆ ಅನ್ನಿಸಿದ್ದು ಹಳೆಯ ಜಾಹೀರಾತೊಂದರ ವಿವರ ಓದಿದಾಗ. ಮನೆಬಳಕೆಯ ಮೊದಲ ಕಿಟ್ಟಿನ ಮಾದರಿಯನ್ನು 1967ರಲ್ಲಿ ರೂಪಿಸಿದವರು ಮಾರ್ಗರೆಟ್ ಕ್ರೇನ್ ಎಂಬ ಯುವ ವಿನ್ಯಾಸಕಿ. ಅಮೆರಿಕದಲ್ಲಿ 1970ರ ದಶಕದ ಕೊನೆಯಲ್ಲಿ ಬಂದ ‘ಇ.ಪಿ.ಟಿ.’ ಎಂಬ ಕಿಟ್ಟಿನಲ್ಲಿ ಪ್ರನಾಳ, ಡ್ರಾಪರ್, ಕುರಿಯ ರಕ್ತಕಣ, ಅಡಿಯಿಂದ ನೋಡಲು ಓರೆಯಾಗಿಟ್ಟ ಕನ್ನಡಿ ಎಲ್ಲ ಇರುತ್ತಿದ್ದವು. ಎರಡು ಗಂಟೆ ಅಲುಗಾಡಿಸದೆ ಕಾಯಬೇಕಿತ್ತು. ಅಷ್ಟು ಒರಟು ಸಲಕರಣೆಯ 1978ರ ಜಾಹೀರಾತು ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಕೊಟ್ಟಿತ್ತು: ‘ಹೌದು’ ಎಂದರೆ ಶೇ 97 ನಿಖರ, ‘ಇಲ್ಲ’ ಎಂದರೆ ಶೇ 80 ಮಾತ್ರ. ಓದಿದವಳಿಗೆ ಕೂಡಲೇ ತಿಳಿಯುತ್ತಿತ್ತು, ‘ಇಲ್ಲ’ ಎಂಬುದನ್ನು ಅಷ್ಟಾಗಿ ನಂಬುವಂತಿಲ್ಲ ಎಂದು. ತಂತ್ರಜ್ಞಾನ ಅಂದಿಗಿಂತ ಎಷ್ಟೋ ಪಾಲು ಸುಧಾರಿಸಿದೆ. ಆದರೆ ‘ಹೌದು’ ಮತ್ತು ‘ಇಲ್ಲ’ ಎರಡಕ್ಕೂ ಒಂದೇ ತೂಕವಿಲ್ಲ ಎಂಬ ಪ್ರಾಮಾಣಿಕ ಮಾತು ಮಾತ್ರ ಡಬ್ಬಿಯಿಂದ ಮಾಯವಾಗಿದೆ.

ಪ್ರಯೋಗಾಲಯದ ನಿಖರತೆಗೂ ಬಚ್ಚಲುಮನೆಯ ನಿಖರತೆಗೂ ಇರುವ ವ್ಯತ್ಯಾಸವನ್ನು ನಾನು ಕೆಲಸದ ಮೇಜಿನ ಈಚೆಯಿಂದ ದಿನವೂ ನೋಡಿದ್ದೇನೆ. ಮೂರು ಹನಿಯ ಬದಲು ಡ್ರಾಪರ್ ತುಂಬ ಸುರಿದವರು, ಐದು ನಿಮಿಷಕ್ಕೆ ನೋಡಬೇಕಾದ್ದನ್ನು ಅಡುಗೆ ಮುಗಿಸಿ ಬಂದು ನೋಡಿದವರು, ರಾತ್ರಿಯಿಡೀ ನೀರು ಕುಡಿದು ತಿಳಿಯಾದ ಮೂತ್ರದಲ್ಲಿ ಪರೀಕ್ಷಿಸಿದವರು ಇದ್ದರು. ಒಬ್ಬಾಕೆ ಒಣಗಿದ ಕಿಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತಂದು, ಮೇಜಿನ ಮೇಲೆ ಬಿಚ್ಚಿ, “ಅಕ್ಕಾ, ಇದು ಗೆರೆಯೋ ಕಲೆಯೋ?” ಎಂದು ಕೇಳಿದ್ದಳು. ಹೊತ್ತು ಮೀರಿ ಒಣಗಿದಾಗ ಮೂಡುವ ಬೂದುಬಣ್ಣದ ನೆರಳು ಅದು. ಅವಳಿಗೆ ಹಾಗೆಂದು ಹೇಳಿ, ಎರಡು ದಿನ ಬಿಟ್ಟು ಬಾ ಎಂದು ಕಳಿಸುವುದು ನನ್ನ ವೃತ್ತಿಯ ಸುಲಭದ ಕೆಲಸವಾಗಿರಲಿಲ್ಲ. ಇದು ನಮ್ಮ ಹಳ್ಳಿಯ ಹೆಂಗಸರ ದಡ್ಡತನವೆಂದು ಯಾರಾದರೂ ಭಾವಿಸುವುದಾದರೆ, ಫ್ರಾನ್ಸಿನಲ್ಲಿ 638 ಸ್ವಯಂಸೇವಕಿಯರ ಕೈಗೆ ಮನೆಬಳಕೆಯ ಕಿಟ್ ಕೊಟ್ಟು ನೋಡಿದ 1993ರ ಅಧ್ಯಯನವನ್ನು ನೆನಪಿಸುತ್ತೇನೆ: ಅವರಿಗೆ ಹಂಚಿದ, ಎಚ್‌ಸಿಜಿ ಇದ್ದ 478 ಮಾದರಿಗಳಲ್ಲಿ 230ನ್ನು ಅವರು ‘ಇಲ್ಲ’ ಎಂದು ಓದಿದರು. ಹೆಚ್ಚುಕಡಿಮೆ ಅರ್ಧ. ಚೀಟಿಯಲ್ಲಿ ಬರೆದದ್ದು ಅರ್ಥವಾಗದಿರುವುದೂ ಅದಕ್ಕೆ ಕಾರಣವಾಗಿತ್ತು. ಅವರಿಗೆ ಚೀಟಿ ಅವರ ಭಾಷೆಯಲ್ಲಾದರೂ ಇತ್ತು. ನಾನು ಈ ಪತ್ರಕ್ಕಾಗಿ ಕೊಂಡ ಮೂರು ಪೊಟ್ಟಣಗಳಲ್ಲಿ ಒಂದರಲ್ಲೂ ಕನ್ನಡದ ಒಂದು ಸಾಲಿಲ್ಲ. ಇಂಗ್ಲಿಷಿನ ಅಕ್ಷರಗಳನ್ನು ಓದಲು ನನಗೆ ಕನ್ನಡಕದ ಮೇಲೆ ಭೂತಗನ್ನಡಿಯೂ ಬೇಕಾಯಿತು.

ತಪ್ಪು ‘ಇಲ್ಲ’ದಿಂದ ಆಗುವ ನಷ್ಟ ಮಾತ್ರೆಗಷ್ಟೇ ಸೀಮಿತವಲ್ಲ. ಗರ್ಭ ಬೇಡವಾದವಳಿಗೆ ವಾರಗಳು ಬಹಳ ಬೆಲೆಯುಳ್ಳವು. ಗುಳಿಗೆಯ ಮೂಲಕ ಗರ್ಭಪಾತಕ್ಕೆ ಇರುವ ಅವಕಾಶ ಮೊದಲ ಒಂಬತ್ತು ವಾರ. ಗರ್ಭ ಬೇಕಾದವಳಿಗೆ ಫೋಲಿಕ್ ಆಸಿಡ್ ಮುಖ್ಯವಾಗುವುದೂ ಇದೇ ಮೊದಲ ವಾರಗಳಲ್ಲಿ. ಗರ್ಭಕೋಶದ ಹೊರಗೆ, ನಾಳದಲ್ಲಿ ಗರ್ಭ ನಿಂತವಳು ‘ಇಲ್ಲ’ ಎಂಬ ಫಲಿತಾಂಶ ನಂಬಿ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲಿ ಕೂತರೆ ಜೀವಕ್ಕೇ ಅಪಾಯ.

ಅತಿ ಬೇಗ ಬಂದ ‘ಹೌದು’ ಕೂಡ ಯಾವಾಗಲೂ ವರವಲ್ಲ ಎಂಬುದನ್ನು ಜಾಹೀರಾತುಗಳು ಹೇಳುವುದೇ ಇಲ್ಲ. ವಿಲ್ಕಾಕ್ಸ್ ಅವರ 1988ರ ಅಧ್ಯಯನದಲ್ಲಿ, ಅಂಟಿಕೊಂಡ 198 ಗರ್ಭಗಳಲ್ಲಿ ಶೇ 22ರಷ್ಟು ಗರ್ಭಗಳು ವೈದ್ಯರ ಗಮನಕ್ಕೆ ಬರುವ ಮೊದಲೇ ಇಳಿದುಹೋಗಿದ್ದವು. ಹಿಂದೆ ಇವು ‘ಈ ಸಲ ನಾಲ್ಕು ದಿನ ತಡವಾಯಿತು’ ಎಂಬ ಮಾತಿನಲ್ಲಿ ಮುಗಿಯುತ್ತಿದ್ದವು. ಈಗ ಎರಡು ಗೆರೆಯ ಫೋಟೋ ತವರುಮನೆಗೆ ಹೋಗಿ, ಸಿಹಿ ಹಂಚಿ, ವಾರದೊಳಗೆ ರಕ್ತಸ್ರಾವವಾದಾಗ ಆ ಹುಡುಗಿ ತಾನೇನು ತಪ್ಪು ಮಾಡಿದೆನೋ ಎಂದು ಕೊರಗುತ್ತಾಳೆ. ತಿಳಿಯುವುದು ಬೇಡವೆಂದು ನಾನು ಹೇಳಲಾರೆ. ಅದು ಅವಳ ಇಷ್ಟ. ಆದರೆ ತಿಳಿಯುವ ಮುನ್ನ ಇದನ್ನೂ ಅವಳಿಗೆ ಯಾರಾದರೂ ಹೇಳಿರಬೇಕಿತ್ತು.

ಈಗ ಕಾನೂನಿನ ಮಾತು. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿದ್ದು, ಈ ಕಿಟ್‌ಗಳು ಅವುಗಳ ವ್ಯಾಪ್ತಿಗೆ ಬರುತ್ತವೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಜಾಹೀರಾತು ಎಂದರೆ ಟಿವಿಯಲ್ಲಿ ಬರುವುದಷ್ಟೇ ಅಲ್ಲ, ಲೇಬಲ್ ಮತ್ತು ಹೊದಿಕೆಯೂ ಜಾಹೀರಾತೇ. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದೇ ಪ್ರಾಧಿಕಾರ 2022ರ ಜೂನಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೇಳಿಕೆಗೆ ಲಗತ್ತಿಸುವ ಷರತ್ತು ಹೇಳಿಕೆಯ ಭಾಷೆಯಲ್ಲೇ, ಅದೇ ಅಕ್ಷರಶೈಲಿಯಲ್ಲಿ ಇರಬೇಕೆಂದಿದೆ. ‘99’ ಹೆಬ್ಬೆರಳಿನಷ್ಟು ದಪ್ಪ, ಅದರ ತಲೆಯ ಮೇಲೊಂದು ನಕ್ಷತ್ರ, ಆ ನಕ್ಷತ್ರದ ಅರ್ಥ ಡಬ್ಬಿಯ ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ: ಇದು ಆ ಮಾರ್ಗಸೂಚಿಗೆ ಹೊಂದುತ್ತದೆಯೇ ಎಂದು ತಾವು ದಯವಿಟ್ಟು ನೋಡಬೇಕು.

ನಾನು ಕೇಳುತ್ತಿರುವುದು ದುಬಾರಿಯಾದದ್ದೇನಲ್ಲ. ‘ಮುಂಚೆಯೇ’ ಎಂಬ ಹೇಳಿಕೆ ಇರುವ ಪ್ರತಿಯೊಂದು ಡಬ್ಬಿಯ ಎದುರು ಮುಖದಲ್ಲಿ, ‘99’ ಇರುವ ಗಾತ್ರದಲ್ಲೇ, ಮುಟ್ಟಿನ ದಿನಕ್ಕೆ ಐದು, ನಾಲ್ಕು, ಮೂರು, ಎರಡು, ಒಂದು ದಿನ ಮೊದಲು ಆ ಕಿಟ್ ನೂರರಲ್ಲಿ ಎಷ್ಟು ಗರ್ಭಿಣಿಯರನ್ನು ಗುರುತಿಸುತ್ತದೆ ಎಂಬ ಪಟ್ಟಿ ಇರಲಿ. ಆ ಲೆಕ್ಕ ಕೊಡಲಾಗದ ಕಂಪನಿ ‘ಮುಂಚೆಯೇ’ ಎಂಬ ಮಾತನ್ನು ಬಳಸದಿರಲಿ. ಎಷ್ಟು ಹಾರ್ಮೋನು ಇದ್ದರೆ ಕಿಟ್ ಗುರುತಿಸುತ್ತದೆ ಎಂಬ ಸಂಖ್ಯೆಯೂ ಹೊರಗೇ ಇರಲಿ. ಸೂಚನೆಯನ್ನು ಮಾರಾಟವಾಗುವ ರಾಜ್ಯದ ಭಾಷೆಯಲ್ಲಿ, ಚಿತ್ರಸಹಿತ ಕೊಡಲಿ. ಒಂದು ಗೆರೆ ಬಂದಾಗ ಏನೆಂದು ತಿಳಿಯಬೇಕು ಎಂಬ ಕಡೆ ‘ಗರ್ಭಿಣಿಯಲ್ಲ’ ಎಂದು ಅಚ್ಚು ಹಾಕುವುದನ್ನು ನಿಲ್ಲಿಸಿ, ‘ಇವತ್ತಿಗೆ ಪತ್ತೆಯಾಗಿಲ್ಲ, ಮುಟ್ಟು ಬಾರದಿದ್ದರೆ ಒಂದು ವಾರದ ನಂತರ ಮತ್ತೆ ನೋಡಿ, ಅಲ್ಲಿಯವರೆಗೆ ಈ ಫಲಿತಾಂಶ ನಂಬಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ’ ಎಂದು ಬರೆಯಲಿ. ಆಶಾ ಕಾರ್ಯಕರ್ತೆಯರ ಮೂಲಕ ಸರ್ಕಾರವೇ ಹಂಚುವ ಕಿಟ್ಟಿಗೂ ಈ ಸಾಲು ಬೇಕು. ಅದರ ಹೆಸರೇ ‘ನಿಶ್ಚಯ್’ ಆಗಿರುವುದರಿಂದ ಸ್ವಲ್ಪ ಹೆಚ್ಚೇ ಬೇಕು. ಈ ಕಿಟ್‌ಗಳು ಸೇರುವ ಬಿ ವರ್ಗದ ಸಾಧನಗಳ ತಯಾರಿಕೆಗೆ ಪರವಾನಗಿ ಕೊಡುವುದು ರಾಜ್ಯಗಳಾದ್ದರಿಂದ, ಈ ಪತ್ರದ ಪ್ರತಿಯನ್ನು ಕರ್ನಾಟಕದ ಔಷಧ ನಿಯಂತ್ರಣ ಅಧಿಕಾರಿಗಳಿಗೂ ಕಳಿಸುತ್ತಿದ್ದೇನೆ.

ಮೇಲೆ ಹೇಳಿದ ಮೂರು ಪೊಟ್ಟಣಗಳ ಎದುರು, ಹಿಂಬದಿ ಮತ್ತು ಒಳಚೀಟಿಯ ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ತೆಗೆದು ಲಗತ್ತಿಸಿದ್ದೇನೆ. ಅಕ್ಷರದ ಎತ್ತರವನ್ನು ತಾವೇ ಅಳೆಯಬಹುದು. ಸಾರ್ವಜನಿಕ ಪ್ರತಿಯಲ್ಲಿ ಕಂಪನಿಗಳ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದ್ದೇನೆ. ಹೆಸರು ಮುಚ್ಚಿದ ಮೇಲೆ ಮೂರರಲ್ಲಿ ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ.

ಲಿಖಿತ ಉತ್ತರದ ನಿರೀಕ್ಷೆಯಲ್ಲಿ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ
ಶಿವಮೊಗ್ಗ ಜಿಲ್ಲೆ